ಸಚಿಕೋ ಸಾನ್ ಕೇಳಿದ್ದು ಅದಲ್ಲ, ಅಪ್ಪ

ನನ್ನ ಅಪ್ಪನಿಗೆ,

ನೀನು ಟೋಕಿಯೋದ ಫುನಾಬೊರಿಯ ನಮ್ಮ ಮನೆಗೆ ಬಂದ ಮೂರನೆಯ ದಿನ ಬೆಳಿಗ್ಗೆ ಆರೂವರೆಗೆ ಒಬ್ಬನೇ ಪಾರ್ಕಿಗೆ ಇಳಿದು ಹೋದದ್ದು ನೆನಪಿದೆಯೆ? ರೇಡಿಯೋದ ಹಾಡಿಗೆ ಇಲ್ಲಿನ ಹಿರಿಯರೆಲ್ಲ ಸೇರಿ ಕೈಕಾಲು ಆಡಿಸುವುದನ್ನು ಬಾಲ್ಕನಿಯಿಂದ ನೋಡಿದವನೇ ಮಂಕಿ ಟೋಪಿ ಏರಿಸಿಕೊಂಡು ಹೊರಟುಬಿಟ್ಟೆ. ನಾನು ಟೀ ಲೋಟ ಹಿಡಿದು ಬಗ್ಗಿ ನೋಡಿದರೆ, ಎಲ್ಲರೂ ಮೆಲ್ಲಗೆ ತೋಳು ಬೀಸುತ್ತಿರುವಾಗ ನೀನೊಬ್ಬ ಬಸ್ಕಿ ಹೊಡೆಯುತ್ತಿದ್ದೆ. ಎಪ್ಪತ್ತೊಂದು ವರ್ಷದ ಮೈಸೂರಿನ ಪೈಲ್ವಾನ! ನಗು ಬಂತು. ಜೊತೆಗೆ ನಾಚಿಕೆಯೂ ಆಯಿತು. ಆ ನಾಚಿಕೆ ಹೊಸದೇನಲ್ಲ ಅಪ್ಪ. ಅದನ್ನು ಹೇಳಿಕೊಳ್ಳುವುದಕ್ಕೇ ಈ ಕಾಗದ.

ಒಂಬತ್ತನೇ ಕ್ಲಾಸಿನಲ್ಲಿ ಥ್ರೋಬಾಲ್ ಆಡುವಾಗ ನನ್ನ ಭುಜ ಉಳುಕಿತ್ತು. ಆಗ ನಮ್ಮ ಜಗಲಿಯ ಮೇಲೆ ದಿನಾ ಯಾರಾದರೂ ಕಾಲು ಚಾಚಿಕೊಂಡು ಕೂತಿರುತ್ತಿದ್ದರು. ಗಾಡಿಯಿಂದ ಬಿದ್ದವರು, ಮೂಟೆ ಹೊತ್ತು ಸೊಂಟ ಹಿಡಿದವರು, ಗರಡಿಯಲ್ಲಿ ಮಣಿಕಟ್ಟು ತಿರುಚಿಕೊಂಡವರು. ಎಲ್ಲರ ಉಳುಕು ತೆಗೆಯುವವನು ನೀನೇ. ಅವತ್ತು ಎಳ್ಳೆಣ್ಣೆ ಬೆಚ್ಚಗೆ ಮಾಡಿಕೊಂಡು, “ಬಾ ಕೂಸೇ, ಒಂದೇ ನಿಮಿಷ” ಎಂದು ಕರೆದೆ. ನಾನು, “ನೀನು ಮುಟ್ಟಬೇಡ. ನಿನ್ನ ಎಣ್ಣೆ ವಾಸನೆ ನನ್ ಯೂನಿಫಾರ್ಮಿಗೂ ಹತ್ಕೊಳತ್ತೆ, ಕ್ಲಾಸಲ್ಲಿ ಎಲ್ರೂ ನಗ್ತಾರೆ” ಅಂದೆ. ಜಗಲಿಯಲ್ಲಿ ಜನ ಇದ್ದರು. ಅಮ್ಮ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ತಿರುಗಿ ಬಂದಾಗ ನೀನು ಅದೇ ಎಣ್ಣೆಯನ್ನು ಯಾರದೋ ಮಂಡಿಗೆ ಹಚ್ಚುತ್ತಿದ್ದೆ, ತಲೆ ಎತ್ತಲಿಲ್ಲ. ಆಮೇಲೆ ನೀನು ನನ್ನ ತಲೆಯನ್ನೂ ಸವರಲಿಲ್ಲ. ಮದುವೆಯ ದಿನವೂ ಅಕ್ಷತೆ ಹಾಕಿ ಕೈ ಹಿಂದಕ್ಕೆ ತೆಗೆದುಕೊಂಡೆ. ನನಗೆ ಗೊತ್ತಾಗಿರಲಿಲ್ಲವೆ? ಗೊತ್ತಾಗಿತ್ತು. ಕೇಳುವ ಧೈರ್ಯ ಮಾತ್ರ…

ಪಾರ್ಕಿನಲ್ಲಿ ನೀನು ಯಾರೋ ಮುದುಕರ ಮಣಿಕಟ್ಟು ಹಿಡಿದು ನೀವಿದೆ ಎಂದು ಗೊತ್ತಾದ ದಿನ ನಾನು ಎಷ್ಟು ಕೂಗಾಡಿದೆ!

“ಇಲ್ಲಿ ಅದಕ್ಕೆಲ್ಲ ಲೈಸೆನ್ಸ್ ಬೇಕಪ್ಪ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಮ್ಮ ವೀಸಾ ಕಥೆ ಏನು?”

“ಅವ್ರೇ ಕೈ ಚಾಚುದ್ರು ಕಣವ್ವ. ನೋವು ಅಂತ ಚಾಚಿದ್ ಕೈನ ಬಿಟ್ಬಿಡಕಾಗುತ್ತಾ?”

ಮಾರನೆಯ ದಿನ, ಅದೇ ಪಾರ್ಕಿನ ವ್ಯಾಯಾಮಕ್ಕೆ ಬರುವ ಸಚಿಕೋ ಸಾನ್ ನಮ್ಮ ಬಾಗಿಲಿಗೆ ಬಂದರು. ಬಿಳಿಗೂದಲಿನ, ಗಿಡ್ಡನೆಯ ಹೆಂಗಸು. “ಸುಮಿಮಾಸೆನ್, ಕ್ಷಮಿಸಿ” ಎಂದು ಬಾಗಿದಾಗ ದೂರು ತಂದಿದ್ದಾರೆ ಎಂದುಕೊಂಡೆ. ಅವರು ಕೇಳಿದ್ದು ಬೇರೆಯೇ. “ನಿಮ್ಮ ತಂದೆ ಕೈ ಇಟ್ಟಮೇಲೆ ತಕ್ಷಣ ಒತ್ತುವುದಿಲ್ಲ. ಎದುರಿನವರು ಒಂದು ಉಸಿರು ಬಿಡುವ ತನಕ ಕಾಯುತ್ತಾರೆ. ಅವರಿಗೆ ಯಾರು ಕಲಿಸಿದರು?”

ಹುಟ್ಟಿದಾಗಿನಿಂದ ನಿನ್ನ ಕೈ ನೋಡಿದವಳು ನಾನು. ನೀನು ಉಸಿರಿಗೆ ಕಾಯುತ್ತೀಯ ಎಂಬುದು ನನಗೆ ಗೊತ್ತೇ ಇರಲಿಲ್ಲ.

ಆ ಭಾನುವಾರ ಅವರ ಮನೆಗೆ ಹೋದೆವು. ತತಾಮಿ ಚಾಪೆ ಹಾಸಿದ ಸಣ್ಣ ಕೋಣೆ. ಮದುವೆಯಾಗಿ ಹವಾಯಿಗೆ ಹೋದ ಅವರಿಗೆ ಅಲ್ಲಿನ ಮೂಲದವಳೇ ಆದ ಅತ್ತೆ ಲೋಮಿಲೋಮಿ ಕಲಿಸಿದಳಂತೆ. ಲೋಮಿಲೋಮಿ ಅಂದರೆ ಎಣ್ಣೆ ಹಚ್ಚಿ ಮುಂಗೈಯಿಂದ, ಅಂಗೈಯಿಂದ ಅಲೆಯ ಹಾಗೆ ಮೈ ನೀವುವ ಅಲ್ಲಿನ ಚಿಕಿತ್ಸೆ. ಗಂಡ ತೀರಿಕೊಂಡ ಮೇಲೆ ಅವರು ಟೋಕಿಯೋಗೆ ಮರಳಿದ್ದರು. ಇಲ್ಲಿ ಲೋಮಿಲೋಮಿ ಅಂಗಡಿಗಳು ಬೇಕಾದಷ್ಟಿವೆ, ಆದರೆ ಅವರು ಬೋರ್ಡು ಹಾಕಿರಲಿಲ್ಲ. ಶುರು ಮಾಡುವ ಮುಂಚೆ ಕಣ್ಣು ಮುಚ್ಚಿ ಹವಾಯಿ ಭಾಷೆಯಲ್ಲಿ ಪ್ರಾರ್ಥನೆ ಹೇಳಿದರು. ದೇವರ, ಹಿರಿಯರ ಅಪ್ಪಣೆ ಕೇಳುವುದಂತೆ. ಏನೊಂದೂ ಅರ್ಥವಾಗದ ನೀನು ಗರಡಿಗೆ ಇಳಿಯುವಾಗಿನಂತೆ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡೆ.

ಹಿಂದಿನ ಕಾಲದಲ್ಲಿ ಅಲ್ಲಿನ ಕಾದಾಳುಗಳೂ ಈ ವಿದ್ಯೆ ಕಲಿಯುತ್ತಿದ್ದರು, ಕೀಲು ಮುರಿಯಬಲ್ಲವನಿಗೆ ಕೂರಿಸುವುದೂ ಬರಬೇಕು ಎಂದು ಅವರು ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದಾಗ ನೀನು ತೊಡೆ ತಟ್ಟಿ ನಕ್ಕೆ. “ನಮ್ ಉಸ್ತಾದ್ರೂ ಇದೇ ಮಾತು ಹೇಳೋರು ಕಣೇ! ಸಮುದ್ರದಾಚೆ ಅವ್ರಿಗೆ ಯಾರ್ ಹೇಳ್ಕೊಟ್ರು?”

ಆಮೇಲೆ ನಿನ್ನ ಎಡ ಮಂಡಿ ನೋಡುತ್ತೇನೆಂದು ಚಾಪೆಯ ಮೇಲೆ ಮಲಗಿಸಿದರು. ಮುಟ್ಟುವ ಮುಂಚೆ ಒಂದು ಪ್ರಶ್ನೆ ಕೇಳಿದರು, ನೆನಪಿದೆಯೆ? ನಾನು ನಿನಗೆ, “ಊಟ ಆಯ್ತಾ ಅಂತ ಕೇಳ್ತಿದಾರೆ” ಎಂದೆ. ನೀನು ಹೊಟ್ಟೆ ಸವರಿಕೊಂಡು ನಗುತ್ತ, “ಆಯ್ತು ತಾಯಿ, ಭರ್ಜರಿಯಾಗಿ” ಅಂದೆ. ನಾನು ಅವರ ಕಡೆ ತಿರುಗಿ, “ಏನೂ ಇಲ್ಲವಂತೆ” ಎಂದುಬಿಟ್ಟೆ.

ಅಪ್ಪ, ಅವರು ಕೇಳಿದ್ದು ಅದಲ್ಲ. “ಮನೆಯವರ ಜೊತೆ ಯಾವುದಾದರೂ ಗಂಟು ಬಿಚ್ಚದೆ ಉಳಿದಿದೆಯೆ? ಮೊದಲು ಅದನ್ನು ಬಿಡಿಸಬೇಕು. ಆಮೇಲೆ ಮೈ” ಎಂದು ಕೇಳಿದರು. ಅವರ ಅತ್ತೆಯ ಪದ್ಧತಿ ಅದು. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂದರೆ ಮನೆಮಂದಿಯೆಲ್ಲ ಸುತ್ತ ಕೂತು, ಒಬ್ಬೊಬ್ಬರೂ ಮನಸ್ಸಿನಲ್ಲಿದ್ದುದನ್ನು ಹೇಳಿಕೊಂಡು, ಕ್ಷಮೆ ಕೇಳಿ, ಕ್ಷಮಿಸಿ, ಕಡೆಗೆ ಒಟ್ಟಿಗೆ ಉಣ್ಣಬೇಕು. ಹೋಓಪೊನೊಪೊನೊ, ಅಂದರೆ ಸರಿಮಾಡುವುದು. ಆ ಪ್ರಶ್ನೆ ನಿನ್ನ ಕಿವಿಗೆ ಬಿದ್ದರೆ ನೀನು ನನ್ನ ಮುಖ ನೋಡುತ್ತೀಯ ಎಂದು ಹೆದರಿದೆ. ಇಬ್ಬರ ನಡುವೆ ಭಾಷೆ ಬಲ್ಲವಳು ನಾನೊಬ್ಬಳೇ. ಇಬ್ಬರಿಗೂ ಸುಳ್ಳು ಹೇಳಿದೆ.

ಅವರ ಕೈ ನಿನ್ನ ಮಂಡಿಯಿಂದ ತೊಡೆಗೆ, ಬೆನ್ನಿಗೆ, ಹೆಗಲಿಗೆ ಹೋಗುತ್ತಿದ್ದಂತೆ ನೀನು ಅಳತೊಡಗಿದೆ. ನೀನು ಅತ್ತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. “ಐವತ್ತು ವರ್ಷ ಊರೋರ ಮೈಯೆಲ್ಲಾ ನೀವಿದೀನಿ ಕೂಸೇ. ನನ್ ಮೈನ ಯಾರೂ ನೀವಿರ್ಲಿಲ್ಲ” ಅಂದೆ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ನೀನು ಮೈಸೂರಿಗೆ ಮರಳಿ ನಾಲ್ಕೇ ತಿಂಗಳು. ಬೆಳಿಗ್ಗೆ ಗರಡಿಗೆ ಹೋಗಿ ಬಂದು ಜಗಲಿಯಲ್ಲಿ ಕೂತವನು ಏಳಲಿಲ್ಲವಂತೆ. ನಾನು ಬರುವ ಹೊತ್ತಿಗೆ ಗರಡಿಯವರು ನಿನಗೆ ಸ್ನಾನ ಮಾಡಿಸಿ, ಹಾರ ಹಾಕಿ ಕೂರಿಸಿದ್ದರು. ನಾನು ನಿನ್ನ ಪಾದ ಮುಟ್ಟಿದೆ. ಎಷ್ಟು ತಣ್ಣಗಿತ್ತು, ಅಪ್ಪ…

ಹದಿಮೂರು ದಿನದ ಕಾರ್ಯ ಮುಗಿಸಿ ಇಲ್ಲಿಗೆ ಬಂದ ಮೇಲೆ ಮೊದಲು ಹೋದದ್ದು ಸಚಿಕೋ ಸಾನ್ ಮನೆಗೆ. ಎಲ್ಲ ಹೇಳಿದೆ, ಜಗಲಿಯ ಮಾತಿನಿಂದ ಹಿಡಿದು ಊಟದ ಸುಳ್ಳಿನವರೆಗೆ. ಅವರು ಅಂದರು: “ಅವತ್ತೇ ಗೊತ್ತಾಯಿತು. ಮನೆಯ ಗಂಟಿನ ಬಗ್ಗೆ ಕೇಳಿದರೆ ಯಾರೂ ಹೊಟ್ಟೆ ಸವರಿಕೊಂಡು ನಗುವುದಿಲ್ಲ.”

“ಮತ್ತೆ ಯಾಕೆ ಸುಮ್ಮನಿದ್ದಿರಿ?”

“ಗಂಟು ಬಿಡಿಸಬೇಕಾದವರು ನೀವು. ನಾನು ಎಳೆದರೆ ಇನ್ನೂ ಬಿಗಿಯುತ್ತದೆ.”

“ಈಗ ಅಪ್ಪನೇ ಇಲ್ಲವಲ್ಲ?”

“ಅವರ ಭಾಷೆಯಲ್ಲಿ ಅವರಿಗೆ ಹೇಳಿ. ನನ್ನ ಅತ್ತೆಯ ಊರಿನವರ ನಂಬಿಕೆಯಲ್ಲಿ ತೀರಿಹೋದವರು ದೂರ ಇರುವುದಿಲ್ಲ” ಎಂದರು.

ಅದಕ್ಕೇ ಹೇಳುತ್ತಿದ್ದೇನೆ. ತಪ್ಪಾಯಿತು ಅಪ್ಪ. ನಿನ್ನ ಕೈ ಬೇಡ ಅಂದದ್ದು ತಪ್ಪು. ನಿನಗೆ ಬಂದ ಪ್ರಶ್ನೆಯನ್ನು ನಾನು ತಡೆದದ್ದು ಅದಕ್ಕಿಂತ ದೊಡ್ಡ ತಪ್ಪು. ಕೇಳಿದ್ದರೆ ನೀನು ಏನನ್ನುತ್ತಿದ್ದೆಯೋ! “ಹೋಗ್ಲಿ ಬಿಡು ಕೂಸೇ” ಅನ್ನುತ್ತಿದ್ದೆಯೇನೋ. ಆ ಮಾತನ್ನು ನಾನೇ ನಿನ್ನ ಬಾಯಿಗೆ ಹಾಕಲಾರೆ. ಸಾಕು, ಇನ್ನು ನಿನ್ನ ಪರವಾಗಿ ಮಾತಾಡುವುದಿಲ್ಲ.

ಒಂದು ಸುದ್ದಿ ಇದೆ. ಒಂದು ವರ್ಷದಿಂದ ಪ್ರತಿ ಭಾನುವಾರ ನಾನು ಸಚಿಕೋ ಸಾನ್ ಹತ್ತಿರ ಕಲಿಯುತ್ತಿದ್ದೇನೆ. ಮೊದಲ ಆರು ತಿಂಗಳು ಕೋಣೆ ಗುಡಿಸಿದ್ದು, ಎಣ್ಣೆ ಕಾಸಿದ್ದು, ಪ್ರಾರ್ಥನೆ ಬಾಯಿಪಾಠ ಮಾಡಿದ್ದು, ಅಷ್ಟೇ. ಹೋದ ವಾರ ಮೊದಲ ಸಲ ನನ್ನ ಕೈಗೆ ಒಬ್ಬರನ್ನು ಒಪ್ಪಿಸಿದರು, ಪಕ್ಕದೂರು ಇಚಿಕಾವಾದಿಂದ ಬಂದ ಒಬ್ಬ ಅಜ್ಜಿಯನ್ನು. ಕೈ ಇಡುವ ಮೊದಲು, ಆ ಕೈ ಯಾರಿಂದ ಬಂತೋ ಅವರೆಲ್ಲರ ಹೆಸರು ಗಟ್ಟಿಯಾಗಿ ಹೇಳಬೇಕಂತೆ. ಸಚಿಕೋ ಸಾನ್ ಹೆಸರು ಹೇಳಿದೆ. ಅವರ ಅತ್ತೆಯ ಹೆಸರು ಹೇಳಿದೆ. ಮುಗಿಯಿತು ಅಂದುಕೊಂಡರೆ ಸಚಿಕೋ ಸಾನ್ ಇನ್ನೂ ಕಾಯುತ್ತಲೇ ಇದ್ದರು.

ಆಗ ನಿನ್ನ ಹೆಸರು ಹೇಳಿದೆ ಅಪ್ಪ, ಜಗಲಿಗೆ ಬಂದವರೆಲ್ಲ ಕೂಗುತ್ತಿದ್ದ ಹಾಗೆ, ಮುಂದೆ ಪೈಲ್ವಾನ್ ಸೇರಿಸಿ.

ಮಲಗಿದ್ದ ಅಜ್ಜಿ ಕತ್ತು ಹೊರಳಿಸಿ ಕೇಳಿದರು, “ಅವರು ಯಾರು?”

“ನನ್ನ ಅಪ್ಪ” ಎಂದೆ.

ನಿನ್ನ ಮಗಳು,
ಗಿರಿಜೆ