ಕೆಂಪಿಗೆ ಜೋಡಿ ತಂದೆ

ಹೇಮಾ,

ಮದುವೆಯಾಗಿ ಹೋಗುವಾಗ ನೀನು ನನ್ನ ಹತ್ತಿರ ಬಿಟ್ಟುಹೋದ ಲವ್‌ಬರ್ಡ್ ಕೆಂಪಿಗೆ ಇವತ್ತು ಜೋಡಿಯಾಗಿ ಒಂದು ಗಂಡುಹಕ್ಕಿ ತಂದೆ. ಈ ಪತ್ರವನ್ನು ನಿನಗೆ ಕಳಿಸುವಷ್ಟು ಸಲಿಗೆ ಈಗ ಉಳಿದಿಲ್ಲ. ಹೇಳಿಕೊಳ್ಳಲು ಬೇರೆ ಯಾರೂ ಇಲ್ಲ.

ಶಿಫ್ಟ್ ಮುಗಿಸಿ ಬೇಗೂರಿನ ರೂಮಿಗೆ ಬಂದರೆ ದಿನವೂ ಅದರ ಕಿರುಚಾಟ. ಸಿಕ್ಕ ಕಾಗದವನ್ನೆಲ್ಲ ಉದ್ದುದ್ದ ಸೀಳಿ, ಬೆನ್ನಿನ ಪುಕ್ಕಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿತ್ತು. ಗೂಡು ಕಟ್ಟುವ ಹೆಣ್ಣುಹಕ್ಕಿ ಹಾಗೆ ಮಾಡುತ್ತದಂತೆ. ನನಗೂ ಸಾಕಾಗಿತ್ತು.

"ಜೋಡಿ ತಂದ್ರೆ ನಮ್ಮನ್ನ ಮರ್ತ್‌ಬಿಡತ್ತೆ ಕಣೇ ವೇಣಿ" ಅನ್ನುತ್ತಿದ್ದೆ ನೀನು. ಅದಕ್ಕೇ ಅಲ್ಲವೇ ನಾವು ಒಂದನ್ನೇ ಸಾಕಿದ್ದು.

ಮೊದಮೊದಲು ಎರಡೂ ಕಚ್ಚಾಡಿದವು. ಸಂಜೆಯ ಹೊತ್ತಿಗೆ ಮೈಗೆ ಮೈ ತಾಗಿಸಿ ಕೂತು, ಒಂದರ ತಲೆಯನ್ನು ಇನ್ನೊಂದು ಕೆರೆಯುತ್ತಿತ್ತು. ಪಂಜರದ ಬಾಗಿಲು ತೆಗೆದು ಎಡಭುಜ ಒಡ್ಡಿದೆ. ದಿನವೂ ಅಡುಗೆ ಮುಗಿಯುವವರೆಗೆ ಅಲ್ಲೇ ಕೂರುತ್ತಿದ್ದ ಕೆಂಪಿ ಬರಲಿಲ್ಲ. ಬೆರಳು ಚಾಚಿದರೆ ಕಚ್ಚಿತು.

ನೀನು ಹೇಳಿದ್ದು ನಿಜ. ಕೆಂಪಿಯ ಮೇಲೆ ಕೋಪವೇನೂ ಬರಲಿಲ್ಲ.

ಅನ್ನಕ್ಕಿಟ್ಟು ಸೊಪ್ಪು ಹೆಚ್ಚಿದೆ. ಒಗ್ಗರಣೆ ಹಾಕುವಾಗ ಗೊತ್ತಾಯಿತು, ಅಷ್ಟು ಹೊತ್ತೂ ಎಡಭುಜ ಅಲುಗದ ಹಾಗೆ ನೋಡಿಕೊಂಡು ಕೆಲಸ ಮಾಡುತ್ತಿದ್ದೆ.