ಆಡಿಗೆ ಹಚ್ಚೆ ಹಾಕಿದವರು ಯಾರು?

ಬೆಟಗೇರಿ
ಕ್ರಿ.ಶ. ೨೪೧೮, ಹದಿಮೂರನೆಯ ತಿಂಗಳು, ಮೂವತ್ತೆರಡನೆಯ ದಿನ

ಹಿರೇ ಯವ್ವ ಬಸಲಿಂಗವ್ವನವರಿಗೆ, ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಆಚೆಯ ಕುಡಿ ನೀಲಗಂಗಾಳ ಶರಣು ಶರಣಾರ್ಥಿ.

ಇಂಥ ತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ಗೊತ್ತು. ನನ್ನ ಕೆಲವು ಮಾತುಗಳೂ ವಿಚಿತ್ರ ಅನ್ನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿರಿ. ಈ ಕಾಗದ ಹಿಂದಂಚೆಯಲ್ಲಿ ಬರುತ್ತದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಪತ್ರ ಒಯ್ಯುವ ಟಪಾಲು. ಅದು ಉತ್ತರ ತರುವುದಿಲ್ಲ. ನೀವು ಅಲ್ಲಿ ಏನಾದರೂ ಬದಲಿಸಿದರೆ ಮರುದಿನ ಇಲ್ಲಿ ಬದಲಾಗಿರುತ್ತದೆ ಎಂದು ಟಪಾಲಿನವರು ಹೇಳುತ್ತಾರೆ. ಅವರನ್ನೂ ನಾನು ಪೂರ್ತಿ ನಂಬಿಲ್ಲ.

ನಮ್ಮ ಓಣಿಯ ನಡುವೆ ಮುಖಮನೆ ಇದೆ. ಹಿರಿಯರ ಫೋಟೋಗಳನ್ನು ಗೋಡೆಯಷ್ಟು ದೊಡ್ಡದು ಮಾಡಿ ಅಲ್ಲಿ ಇಟ್ಟಿದ್ದಾರೆ. ಮುಂಜಾನೆ ರೊಟ್ಟಿ ಬಡಿಯುವ ಮುಂಚೆ ಹೆಂಗಸರು ಹೋಗಿ ಕೈಮುಗಿದು ಬರುತ್ತೇವೆ. ನಮ್ಮ ಮನೆತನಕ್ಕೆ ಉಳಿದಿರುವುದು ನಿಮ್ಮದೊಂದೇ ಫೋಟೋ, ನೇಕಾರರ ಸಂಘದ ವೆಬ್‌ಸೈಟಿಗೆ ನೀವೇ ಅಪ್‌ಲೋಡ್ ಮಾಡಿದ್ದು. ನೀವು ಬಾಗಿಲ ಮುಂದೆ ನಿಂತಿದ್ದೀರಿ, ಪಕ್ಕದಲ್ಲಿ ಆಡು, ಮೇಲೆ ಒಂದು ತುಂಡು ಆಕಾಶ. ನಿಮ್ಮ ಕೆನ್ನೆಯ ತುಂಬ ಚೌಕ ಚೌಕ ಗುರುತುಗಳು. ಅದನ್ನು ನೋಡಿಯೇ ನಮ್ಮವರು ಐದು ವರ್ಷ ತುಂಬಿದ ಹೆಣ್ಣುಮಕ್ಕಳ ಕೆನ್ನೆಗೆ ಚೌಕಹಚ್ಚೆ ಚುಚ್ಚಿಸುತ್ತಾ ಬಂದಿದ್ದಾರೆ. ನನಗೂ ಚುಚ್ಚಿದರು. ಬಾವು ಇಳಿಯುವವರೆಗೆ ಗಂಜಿ ಸಹ ನುಂಗಲಾಗಲಿಲ್ಲ.

ನಾಡಿದ್ದು ನನ್ನ ಮೊಮ್ಮಗಳು ಚಂಪಿಯ ಸರದಿ. ಸೂಜಿ ಎಂದರೆ ಸಾಕು, ಕೂಸು ನನ್ನ ಸೆರಗಿನಲ್ಲಿ ಮುಖ ಹುದುಗಿಸುತ್ತದೆ. ನನ್ನ ಕರುಳು ಕಿತ್ತು ಬರುತ್ತದೆ ಯವ್ವಾ.

ನನಗೆ ಮೊದಲಿಂದಲೂ ಅನುಮಾನದ ಬುದ್ಧಿ. ಅತ್ತೆ ಕೊಟ್ಟ ಹಾಲನ್ನೂ ಮೂಸಿ ಕುಡಿದವಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ, ಹಾಗೆ ಗೋಡೆಯ ಹತ್ತಿರ ಹೋಗಿ ನೋಡಿದೆ. ನಿಮ್ಮ ಕೆನ್ನೆಯ ಗೆರೆ ಕಿವಿ ದಾಟಿ ನೆಟ್ಟಗೆ ಬಾಗಿಲಿಗೆ ಹೋಗಿದೆ. ಆಡಿನ ಮೂತಿಯ ಮೇಲೂ ಚೌಕಗಳಿವೆ, ಆಕಾಶದಲ್ಲೂ ಇವೆ! ಮುಖಮನೆಯ ಗುರು ಶಿವಯೋಗಪ್ಪನವರನ್ನು ಕೇಳಿದೆ. ಕಳುವಾಗಬಾರದೆಂದು ಆಡಿಗೂ ಗುರುತು ಹಾಕುತ್ತಿದ್ದರು ಎಂದರು. ಹಂಗಾದರೆ ಆಕಾಶ ಕದಿಯುವವರೂ ಇದ್ದರೇನ್ರೀ ಎಂದೆ. ಹಿರಿಯರ ಮುಖದ ಮೇಲೇ ಸಂಶಯಪಡುವವಳು ಉದ್ಧಾರವಾಗುವುದಿಲ್ಲ ಎಂದು ಶಲ್ಯ ಕೊಡವಿ ಎದ್ದುಹೋದರು.

ಫೋಟೋದ ಬುಡದಲ್ಲಿ ಒಂದು ಸಾಲಿದೆ: ‘ಚಿತ್ರವನ್ನು ತಾನಾಗಿಯೇ ಚಿಕ್ಕದು ಮಾಡಲಾಗಿದೆ’. ಅದನ್ನು ಮಂತ್ರವೆಂದು ತಿಳಿದು ನಾವು ಮದುವೆಯಲ್ಲೂ ಸಾವಿನಲ್ಲೂ ಹೇಳುತ್ತೇವೆ. ಮಂತ್ರ ಎಲ್ಲಿಂದ ಬಂತು, ನನ್ನ ಕರ್ಮ! ಜಾಗ ಉಳಿಸಲು ಆ ವೆಬ್‌ಸೈಟು ನಿಮ್ಮ ಫೋಟೋವನ್ನು ಒತ್ತಿ ಹಿಂಡಿದೆ. ಅದನ್ನೇ ಗೋಡೆಯಷ್ಟು ಹಿಗ್ಗಿಸಿದಾಗ ನಯ ಹೋಗಿ ಚೌಕ ಉಳಿದಿದೆ, ನಿಮ್ಮ ಕೆನ್ನೆಗೆ ಹಚ್ಚೆಯೇ ಇರಲಿಲ್ಲ. ನಿಮ್ಮನ್ನೊಂದು ಮಾತು ಕೇಳಿತೇ? ಕೇಳಿರಲಾರದು.

ನಿಮ್ಮ ಮೇಲೂ ನನಗೆ ಗುಮಾನಿ ಇದೆ, ಸಿಟ್ಟಾಗಬೇಡಿರಿ. ಹೇಗೂ ವೆಬ್‌ಸೈಟಿನಲ್ಲಿದೆಯಲ್ಲ ಎಂದು ಮೊಬೈಲಿನಲ್ಲಿದ್ದ ದೊಡ್ಡ ಫೋಟೋ ಅಳಿಸಿಬಿಟ್ಟಿರಿ, ಅಲ್ಲವೇ? ಈ ಕಾಗದ ಮುಟ್ಟಿದಾಗ ಇನ್ನೂ ಅಳಿಸಿರದಿದ್ದರೆ, ಸ್ಟುಡಿಯೋಕ್ಕೆ ಹೋಗಿ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಮಗಳ ಕೈಗೆ ಕೊಡಿರಿ. ಅವಳು ತನ್ನ ಮಗಳಿಗೆ ಕೊಡಲಿ.

ನಾಳೆ ಮುಂಜಾನೆ ಚಂಪಿಯನ್ನು ಎತ್ತಿಕೊಂಡು ಮುಖಮನೆಗೆ ಹೋಗುತ್ತೇನೆ. ಗೋಡೆಯ ಮೇಲೆ ಚೌಕಗಳೇ ಇದ್ದರೂ ಸೂಜಿಯನ್ನು ಅವಳ ಹತ್ತಿರ ಸುಳಿಯಗೊಡುವುದಿಲ್ಲ. ಆದರೆ ಊರು ಅವಳನ್ನು ಮುಖವಿಲ್ಲದವಳು ಎಂದು ಕರೆಯುತ್ತದೆ, ನೀರಿಗೆ ಹೋಗುವಾಗಲೂ ಜೊತೆ ಸೇರಿಸುವುದಿಲ್ಲ. ನಿಮ್ಮ ಬರಿಗೆನ್ನೆಯನ್ನು ಆ ಗೋಡೆಯ ಮೇಲೆ ಅವಳಿಗೆ ಒಮ್ಮೆ ತೋರಿಸಿರಿ, ಯವ್ವಾ.