ಬಾಡಿಗೆಗೆ ಹೋದ ಷೇರುಗಳು

ಮಾರ್ಚ್ ೧೪, ಶನಿವಾರ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ ಅಂದುಕೋ. ನೀನು ಅಷ್ಟು ಸಲ ಫೋನ್ ಮಾಡಿದರೂ ನಾನು ಎತ್ತಲಿಲ್ಲ, ಉತ್ತರವೂ ತಡವಾಯಿತು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಸಾಕು, ನನ್ನ ಸಿಟ್ಟು ಇಳಿದುಬಿಡುತ್ತದೆ. ಈ ಸಲ ಇಳಿಯುವುದು ಬೇಡ ಎಂದೇ ಕಾಗದ ಹಿಡಿದು ಕೂತಿದ್ದೇನೆ.

ಅಮ್ಮ ನಿನ್ನ ಮನೆಯಿಂದ ಸುಖವಾಗಿ ಬಂದು ತಲುಪಿದಳು. ಬಂದ ದಿನವೇ ನನ್ನ ಅಡುಗೆಮನೆಯ ಡಬ್ಬಗಳ ಜಾಗವನ್ನೆಲ್ಲ ಬದಲಾಯಿಸಿ, ಈಗ ಸಕ್ಕರೆ ಎಲ್ಲಿದೆ ಅಂತ ನನ್ನನ್ನೇ ಕೇಳುತ್ತಾಳೆ. ನಿನ್ನ ಭಾವ ಮನೆಯಲ್ಲೇ ಇದ್ದಾರೆ. ಬೆಳಿಗ್ಗೆ ಎದ್ದು ಅಭ್ಯಾಸಬಲದಿಂದ ಶೂ ಹಾಕಿಕೊಳ್ಳುತ್ತಾರೆ, ಸ್ವಲ್ಪ ಹೊತ್ತು ಕೂತು ಬಿಚ್ಚಿಡುತ್ತಾರೆ. ಅಂಗಡಿಗಾದರೂ ಹೋಗಿ ಬನ್ನಿ ಎಂದರೆ, ದಾರಿಯಲ್ಲಿ ಯಾರಾದರೂ ಸಿಗುತ್ತಾರೆ ಎನ್ನುತ್ತಾರೆ.

ನಮ್ಮ ಕಂಪನಿಯ ಹೊಲಿಗೆ ಯಂತ್ರ ಜೋಡಿಸುವ ವಿಭಾಗಕ್ಕೆ ಬೀಗ ಬಿದ್ದದ್ದು ನಿನಗೆ ಗೊತ್ತೇ ಇದೆ. ಅಪ್ಪ ಆಯಸ್ಸು ಸವೆಸಿದ ಜಾಗ, ಅವರ ನಂತರ ನಿನ್ನ ಭಾವ ನಿಂತ ಜಾಗ. ನಾನು ಮಾತ್ರ ಮಹಡಿಯ ಮೇಲಿನ ಆಫೀಸಿನಲ್ಲಿ ಇನ್ನೂ ಕುರ್ಚಿ ಬಿಸಿ ಮಾಡುತ್ತಿದ್ದೇನೆ.

ನನ್ನ ಕೆಲಸ ಏನೆಂದು ಅಮ್ಮನಿಗೆ ಹೇಳಿ ಹೇಳಿ ಸಾಕಾಯಿತು. ನಮ್ಮ ಕಂಪನಿ ಬೀಳುತ್ತದೆ ಎಂದು ಬಾಜಿ ಕಟ್ಟುವವರು ಯಾರಿಂದಲೋ ನಮ್ಮ ಷೇರನ್ನು ಎರವಲು ತರುತ್ತಾರೆ, ಇವತ್ತಿನ ಬೆಲೆಗೆ ಮಾರುತ್ತಾರೆ, ಬೆಲೆ ಬಿದ್ದ ಮೇಲೆ ಅಗ್ಗಕ್ಕೆ ಕೊಂಡು ಹಿಂತಿರುಗಿಸುತ್ತಾರೆ. ನಡುವೆ ಉಳಿದದ್ದು ಅವರ ಜೇಬಿಗೆ. ಹಾಗೆ ಮಾರಿದ ಎರವಲು ಷೇರು ಒಟ್ಟು ಎಷ್ಟು ಎಂದು ಷೇರುಪೇಟೆ ಹದಿನೈದು ದಿನಕ್ಕೊಮ್ಮೆ ಪ್ರಕಟಿಸುತ್ತದೆ. ಅದನ್ನು ನೋಡಿ ಕಂಪನಿ ಯಜಮಾನರ ಕೋಣೆಯ ಗೋಡೆಯ ಮೇಲಿನ ಚಾರ್ಟಿನಲ್ಲಿ ಗೆರೆ ಎಳೆಯುವವಳು ನಾನು, ಜ್ವರ ಬರೆದಿಡುವ ನರ್ಸಿನ ಹಾಗೆ. ಮೊದಲು ನೂರಕ್ಕೆ ಎರಡು ಷೇರು ಇತ್ತು, ನಾವು ನಕ್ಕೆವು. ಚಳಿಗಾಲ ಮುಗಿಯುವಷ್ಟರಲ್ಲಿ ಇಪ್ಪತ್ತೇಳಾಗಿತ್ತು. ಮಾರುವವರು ಹೆಚ್ಚಿದಂತೆ ಬೆಲೆ ಕುಸಿಯಿತು. ಅದನ್ನು ನೋಡಿ, ಹೊಸ ಯಂತ್ರಗಳಿಗೆ ಸಾಲ ಕೊಡುತ್ತೇವೆ ಎಂದಿದ್ದ ಬ್ಯಾಂಕಿನವರು ಕೈಯೆತ್ತಿದರು.

ನಮ್ಮಲ್ಲಿ ನಿವೃತ್ತಿಯ ದಿನ ಕೈಗಡಿಯಾರದ ಬದಲು ಷೇರು ಕೊಡುವ ಪದ್ಧತಿ. ಹಾಗಾಗಿ ಹಳಬರ ಮನೆಮನೆಗೆ ಹೋಗಿ, ದಯವಿಟ್ಟು ಯಾರೂ ಮಾರಬೇಡಿ, ನಾವು ಬಿಗಿಯಾಗಿ ಹಿಡಿದುಕೊಂಡರೆ ಕಂಪನಿ ನಿಲ್ಲುತ್ತದೆ ಎಂದು ಬೇಡಿಕೊಂಡೆ. ಯಾರೂ ಮಾರಲಿಲ್ಲ. ಅಪ್ಪನ ಜೊತೆಗಿದ್ದ ಫಿಟ್ಟರ್ ಕಣ್ಣಿನ ಆಪರೇಷನ್ನನ್ನೇ ಮುಂದಕ್ಕೆ ಹಾಕಿದರು, ಷೇರು ಮುಟ್ಟಲಿಲ್ಲ.

ನೀನು ಬ್ರೋಕರ್. ಅಪ್ಪ ಹೋದ ಮೇಲೆ ಅವರ ಷೇರುಗಳನ್ನು ನೋಡಿಕೊಳ್ಳುತ್ತಿರುವವನೂ ನೀನೇ. ನಿನ್ನ ಮೇಲೆ ಅನುಮಾನವೇ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವತ್ತು ನೀನು, "ಅಕ್ಕಾ, ಅಪ್ಪನ ಷೇರು ಒಂದನ್ನೂ ಮಾರಿಲ್ಲ, ನಿನ್ನಾಣೆ" ಅಂದೆ. ನಂಬಿದೆ. ಈಗಲೂ ನಂಬುತ್ತೇನೆ, ನೀನು ಮಾರಿಲ್ಲ. ನಿನ್ನ ಭಾವ ಒಂದು ಮಾತು ಎತ್ತಿದ್ದಕ್ಕೆ ನಿನ್ನ ಪರ ವಾದ ಮಾಡಿ, ಎರಡು ದಿನ ಅವರ ಜೊತೆ ಮಾತು ಬಿಟ್ಟವಳು ನಾನು.

ಹಾಗಾದರೆ ಸಿಟ್ಟು ಯಾಕೆ ಅನ್ನುತ್ತೀಯ. ಅದನ್ನೇ ಬರೆಯಲು ಹೊರಟು ಪ್ರತಿ ಸಲವೂ ಬೇರೆ ಸುದ್ದಿಗೆ ಜಾರುತ್ತಿದ್ದೇನೆ.

ಮಕ್ಕಳಿಗೆ ನೆಗಡಿ ಬಿಟ್ಟಿತೇ? ನಿನ್ನ ಹೆಂಡತಿಗೆ ನಾನು ಕೇಳಿದೆನೆಂದು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ಎಷ್ಟಾದರೂ ನನ್ನ ಒಡಹುಟ್ಟಿದವನು, ನಿನ್ನ ಮನೆ ತಣ್ಣಗಿರಲಿ.

ಇಂತಿ,
ನಿನ್ನ ಅಕ್ಕ

ತಾ.ಕ.: ಮೊನ್ನೆ ಬಟಾಣಿ ಬಿಡಿಸುತ್ತಾ ಅಮ್ಮ ಹೆಮ್ಮೆಯಿಂದ ಹೇಳಿದಳು: "ನಿನ್ನ ತಮ್ಮ ತುಂಬಾ ಜಾಣ ಕಣೇ. ಸುಮ್ನೆ ಬಿದ್ದಿದ್ದ ಅಪ್ಪನ ಷೇರನ್ನೂ ಬಾಡಿಗೆಗೆ ಕೊಟ್ಟಿದ್ದಾನೆ, ಮನೆ ಬಾಡಿಗೆಗೆ ಕೊಡ್ತಾರಲ್ಲ ಹಾಗೆ. ನನ್ನ ಔಷಧಿ ಖರ್ಚೆಲ್ಲ ಅದರಲ್ಲೇ ಕಳೆಯುತ್ತೆ." ಬಾಡಿಗೆಗೆ ತೆಗೆದುಕೊಂಡವರು ಯಾರು, ಅದರಿಂದ ಏನು ಮಾಡಿದರು ಎಂದು ಅವಳಿಗೆ ಗೊತ್ತಿಲ್ಲ. ನಾನು ಹೇಳಿಲ್ಲ, ನೀನೂ ಹೇಳಬೇಡ. ಮಾರದೆ ಹಿಡಿದಿಟ್ಟ ಷೇರೇ ಆ ಬಾಜಿಯವರಿಗೆ ಎರವಲಿಗೆ ಬೇಕಾಗಿದ್ದದ್ದು ಎಂದು ನನಗೂ ಹೊಳೆದದ್ದು ಆಗಲೇ.

ಗೆರೆ ಮೇಲೇರಿದ ದಿನವೆಲ್ಲ ನಾನು ಮನೆಗೆ ಬಂದು ನಿನಗೇ ಫೋನ್ ಮಾಡುತ್ತಿದ್ದೆ. ಇವರಿಗೆ ಷೇರು ಎರವಲು ಕೊಡುವ ಮನೆಹಾಳರು ಯಾರೋ, ಅವರ ಕೈ ಸೇದಿಹೋಗಲಿ, ಹಾಸಿಗೆ ಹಿಡಿದು ನರಳಿ ನರಳಿ ಸಾಯಲಿ ಎಂದು ಬಾಯಿಗೆ ಬಂದಂತೆ ಶಾಪ ಹಾಕುತ್ತಿದ್ದೆ. ಅಪ್ಪನ ಆ ಷೇರುಗಳು ಈಗ ಇರುವುದು ಅಮ್ಮನ ಹೆಸರಿನಲ್ಲಿ. ಅವಳು ನಿನ್ನ ಪಕ್ಕದ ಕೋಣೆಯಲ್ಲೇ ಇರುತ್ತಿದ್ದಳು. ನೀನು ಎಲ್ಲವನ್ನೂ ಕೇಳಿಸಿಕೊಂಡೆ. ಒಂದು ಸಲವಾದರೂ "ಸಾಕು ನಿಲ್ಲಿಸು ಅಕ್ಕಾ" ಅನ್ನಲಿಲ್ಲ.